ಗೊಬ್ಬರವಿಲ್ಲದ ಶನಿವಾರ

ಹದಿನಾರು ವರ್ಷ ನಾನು ಮೆನ್ಲೋ ಪಾರ್ಕಿನ ಆಫೀಸೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುತ್ತಾ ಸಂಬಳ ತೆಗೆದುಕೊಂಡವಳು. ಬೆಳಿಗ್ಗೆ ಫ್ರೀಮಾಂಟಿನ ಮನೆಯಿಂದ ಕೊಲ್ಲಿಯ ಸೇತುವೆ ದಾಟಿ ಹೋಗುವುದು, ಸಂಜೆ ಅದೇ ಸೇತುವೆಯ ಮೇಲೆ ಒಂದು ಗಂಟೆ ನಿಂತು ವಾಪಸು ಬರುವುದು. ಒಂದು ದಿನ ಕಂಪನಿಯವರು ನಮ್ಮ ತಂಡವನ್ನು ಪೂರ್ತಿ ಎತ್ತಿಬಿಟ್ಟರು. ಮೂರು ತಿಂಗಳು ಮನೆಯಲ್ಲಿದ್ದೆ. ಅಡುಗೆಮನೆಯ ಡಬ್ಬಗಳನ್ನು ಎರಡು ಸಲ ತೊಳೆದು ಜೋಡಿಸಿದ ಮೇಲೆ ಇನ್ನು ಮಾಡಲು ಏನೂ ಉಳಿಯಲಿಲ್ಲ. ಆಗ ನಮ್ಮ ಕ್ಷೇತ್ರದ ಶಾಸಕಿಯ ಆಫೀಸಿನಲ್ಲಿ ಬರೆಯುವ ಕೆಲಸವೊಂದು ಖಾಲಿ ಇದೆಯೆಂದು ತಿಳಿದು ಅರ್ಜಿ ಹಾಕಿದೆ.

ಶಾಸಕಿ ಅಂದರೆ ರಾಜ್ಯದ ವಿಧಾನಸಭೆಯ ಸದಸ್ಯೆ. ಅರವತ್ತರ ಹತ್ತಿರದ ಹೆಂಗಸು, ಹಿಂದೆ ಶಾಲಾ ಮಂಡಳಿಯಲ್ಲಿದ್ದವರು. ಸೋಮವಾರದಿಂದ ಗುರುವಾರದ ತನಕ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಕಲಾಪ, ಶುಕ್ರವಾರ ಊರಿನ ಆಫೀಸು. ಸಂದರ್ಶನಕ್ಕೆ ಹೋದಾಗ ನನಗೆ ರಾಜಕೀಯ ಎಷ್ಟು ಗೊತ್ತು ಎಂದು ಕೇಳಿದರು. ಏನೇನೂ ಗೊತ್ತಿಲ್ಲ, ತಪ್ಪು ಹುಡುಕುವುದು ಮಾತ್ರ ಗೊತ್ತು ಎಂದೆ. ಅವರು ನಕ್ಕು, ತಮ್ಮ ಆಫೀಸಿನಲ್ಲಿ ತಪ್ಪುಗಳಿಗೆ ಬರವಿಲ್ಲ ಎಂದರು. ಕೆಲಸ ಸಿಕ್ಕಿತು.

ಮೊದಲ ತೊಂದರೆ ಅವರನ್ನು ಕರೆಯುವುದು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಮೈಸೂರಿನಲ್ಲಿ ವಾರ್ಡಿನ ಕಾರ್ಪೊರೇಟರ್ ಬಂದರೂ ನಮ್ಮಪ್ಪ ಕುರ್ಚಿಯಿಂದ ಏಳುತ್ತಿದ್ದುದನ್ನು ನೋಡಿ ಬೆಳೆದ ನನಗೆ ನಾಲಿಗೆ ಹೊರಳಲಿಲ್ಲ. ಎರಡು ವಾರ ಪ್ರತಿ ಮಾತನ್ನೂ 'ಎಕ್ಸ್‌ಕ್ಯೂಸ್ ಮಿ' ಎಂದೇ ಶುರುಮಾಡಿದೆ.

ನನ್ನ ಕೆಲಸ ಪ್ರತಿ ಗುರುವಾರ ಕ್ಷೇತ್ರದ ಜನರಿಗೆ ಈಮೇಲಿನಲ್ಲಿ ಹೋಗುವ ಪತ್ರವನ್ನು ಬರೆಯುವುದು. ಶಾಸಕಿಯ ಪತ್ರ ಎಂದರೆ ಗಂಭೀರವಾಗಿರಬೇಕೆಂದುಕೊಂಡು, ಮೊದಲ ಸಲ ನೀರಿನ ಮಸೂದೆಯೊಂದರ ಮೇಲೆ ಮೂರು ಪುಟ ಬರೆದುಕೊಟ್ಟೆ. ಅವರು ಓದಿದರು, ಕನ್ನಡಕ ತೆಗೆದರು, ಮೆಲ್ಲಗೆ ಹೇಳಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ಜನ ಇದನ್ನ ಶುಕ್ರವಾರ ಬೆಳಿಗ್ಗೆ ಕಾಫಿ ಹಿಡ್ಕೊಂಡು ನಿಂತೇ ಓದ್ತಾರೆ. ಸೋಮವಾರದ ಒಳಗೆ ಅವರಿಗೆ ಏನು ಗೊತ್ತಾಗ್ಬೇಕೋ ಅದನ್ನ ಮೊದಲು ಹೇಳಿ."

ಅಂದರೆ ಯಾವ ರಸ್ತೆ ಮುಚ್ಚಿದೆ, ಫ್ಲೂ ಲಸಿಕೆ ಎಲ್ಲಿ ಪುಕ್ಕಟೆ ಹಾಕುತ್ತಾರೆ, ಭಾನುವಾರ ಯಾವ ಲೈಬ್ರರಿ ತೆರೆದಿರುತ್ತದೆ, ಯಾವ ಸಭೆಗೆ ಹೋದರೆ ಎದ್ದು ನಿಂತು ಎರಡು ಮಾತು ಆಡಬಹುದು. ಕೊನೆಯಲ್ಲಿ, ಆ ವಾರ ತಾವು ಯಾವುದಕ್ಕೆ ವೋಟು ಹಾಕಿದರು, ಯಾಕೆ ಹಾಕಿದರು ಎಂದು ಎರಡು ಸಾಲು. ಆ 'ಯಾಕೆ'ಯನ್ನು ಮಾತ್ರ ಬಿಡಲು ಅವರು ಒಪ್ಪುತ್ತಿರಲಿಲ್ಲ.

ನಾಲ್ಕು ವಾರದಲ್ಲಿ ನನಗೆ ಕೆಲಸ ಒಗ್ಗಿತು. ಮಸೂದೆಯ ಬಗ್ಗೆ ಬರೆದರೆ ಒಂದು ಉತ್ತರವೂ ಬರುವುದಿಲ್ಲ, ಹಳೇ ಟೀವಿ, ಬ್ಯಾಟರಿಗಳನ್ನು ಎಲ್ಲಿ ಒಪ್ಪಿಸಬೇಕೆಂದು ಬರೆದರೆ ಇಡೀ ದಿನ ಫೋನು ಬಡಿದುಕೊಳ್ಳುತ್ತದೆ ಎಂಬುದೂ ತಿಳಿಯಿತು. ನನಗೆ ಅದರಲ್ಲಿ ಬೇಸರವೇನೂ ಆಗಲಿಲ್ಲ. ನಾನೂ ಹಾಗೇ ಓದುವವಳು.

ಐದನೇ ಪತ್ರ ಹೋದ ಮರುದಿನ ಒಂದು ಫೋನು ಬಂತು. ವಯಸ್ಸಾದ ಗಂಡಸಿನ ದನಿ. ಕರಿಹಲಗೆಯ ಮೇಲೆ ಬರೆದ ಹಾಗೆ ಒಂದೊಂದೇ ಇಂಗ್ಲಿಷ್ ಪದವನ್ನು ಜೋಡಿಸಿ ಮಾತಾಡುತ್ತಿದ್ದರು. ಪತ್ರದ ಮೇಲ್ಗಡೆ ಸಭೆ ಮಂಗಳವಾರ ಎಂದಿದೆ, ಕೆಳಗಡೆ ಅದೇ ಸಭೆ ಬುಧವಾರ ಎಂದಿದೆ, ತಾವು ಎರಡು ದಿನವೂ ಹೋಗಬೇಕೋ ಎಂದು ಅವರ ಪ್ರಶ್ನೆ. ನಾನು ಹಾಳೆ ತಿರುವಿ ನೋಡುತ್ತಿದ್ದಾಗ ಆ ಕಡೆಯಿಂದ ಯಾರಿಗೋ "ತಡೀರಿ, ನೋಡ್ಲಿಕ್ಕತ್ಯಾರ" ಎಂದದ್ದು ಕೇಳಿಸಿತು.

"ಸರ್, ನೀವು ಕನ್ನಡದವರಾ?" ಎಂದೆ.

"ಅಯ್ಯ, ಇದನ್ನ ಮೊದಲ ಹೇಳಬಾರದಿತ್ತೇನ್ರಿ" ಎಂದರು.

ಗದಗಿನ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಇಲ್ಲಿಯ ಪೌರರಾಗಿ, ತಪ್ಪದೆ ವೋಟು ಹಾಕುವವರು. ಮಗಳು ನಮ್ಮ ಪತ್ರವನ್ನು ಪ್ರಿಂಟು ತೆಗೆದುಕೊಡುತ್ತಿದ್ದಳು. ಅದನ್ನು ಅವರು ಕೆಂಪು ಬಾಲ್‌ಪೆನ್ನು ಹಿಡಿದು ಓದುತ್ತಿದ್ದರು. ನಾನು ಅವರನ್ನು ಮೇಷ್ಟ್ರೇ ಎಂದೆ. ನಮ್ಮ ಕಡೆ ಮಾಸ್ತರ ಅಂತಾರ, ನೀ ಮೇಷ್ಟ್ರು ಅಂದ್ರೂ ನಡೀತೈತಿ ಎಂದು ಅನುಮತಿ ಕೊಟ್ಟರು. ನಾನು ಅಂದಿನಿಂದ ಅವರಿಗೆ ತಂಗಿಯಾದೆ.

ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಒಂಬತ್ತೂವರೆಗೆ ಅವರ ಫೋನು. ಕೆಲವು ಸಲ ಅಲ್ಪವಿರಾಮ ತಪ್ಪಿರುತ್ತಿತ್ತು, ಕೆಲವು ಸಲ ಏನೂ ತಪ್ಪಿರುತ್ತಿರಲಿಲ್ಲ. ಏನೂ ಇಲ್ಲದ ದಿನ ಅವರ ದನಿಯಲ್ಲಿ ಸ್ವಲ್ಪ ನಿರಾಸೆ ಇರುತ್ತಿತ್ತು. ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮೆಜಮಾನರು, ಇಷ್ಟು ವರ್ಷ ನೀನು ಇಂಜಿನಿಯರುಗಳಿಗೆ ಕೊಟ್ಟ ಕಾಟ ಈಗ ಬಡ್ಡಿ ಸಮೇತ ವಾಪಸು ಬರುತ್ತಿದೆ ಎಂದು ಸಂತೋಷಪಟ್ಟರು.

ಗೊಬ್ಬರದ ಪ್ರಕರಣ ನಡೆದದ್ದು ಆ ವಸಂತದಲ್ಲಿ. ಇಲ್ಲಿ ಮನೆಮನೆಯ ಹಸಿಕಸದಿಂದ ತಯಾರಾದ ಗೊಬ್ಬರವನ್ನು ವರ್ಷಕ್ಕೊಮ್ಮೆಯೋ ಎರಡು ಸಲವೋ ಪಾರ್ಕಿನಲ್ಲಿ ರಾಶಿ ಹಾಕಿ ಪುಕ್ಕಟೆ ಹಂಚುತ್ತಾರೆ. ಚೀಲ, ಬಕೆಟ್ಟು, ಸಲಿಕೆ ನಮ್ಮದೇ ತರಬೇಕು. ನಮ್ಮ ಜನರಿಗೆ ಇದು ಸಣ್ಣ ಹಬ್ಬ. ಹಿತ್ತಿಲಲ್ಲಿ ಕರಿಬೇವು, ಮೆಂತ್ಯ, ಹೀರೆಕಾಯಿ ಹಾಕದ ಮನೆ ಕಡಿಮೆ. ಹಂಚುವುದು ತಿಂಗಳ ಮೂರನೇ ಶನಿವಾರ ಎಂದು ಪ್ರಕಟಣೆ ಬಂದಿತ್ತು. ನಾನು ಕಂಪ್ಯೂಟರಿನಲ್ಲಿ ಸೋಮವಾರದಿಂದ ವಾರ ಶುರುವಾಗುವ ಕ್ಯಾಲೆಂಡರು ತೆರೆದು ಎಣಿಸಿದೆ. ಮೊದಲ ಸಾಲಿನಲ್ಲಿ ಹಿಂದಿನ ತಿಂಗಳ ಶನಿವಾರವೊಂದು ಮಸುಕು ಅಕ್ಷರದಲ್ಲಿ ಕೂತಿತ್ತು. ಅದನ್ನೂ ಎಣಿಸಿಬಿಟ್ಟೆ. 'ಈ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಬೇಗ ಬಂದವರಿಗೆ ಮೊದಲು' ಎಂದು ದಪ್ಪಕ್ಷರದಲ್ಲಿ ಹಾಕಿ, ಗುರುವಾರ ಸಂಜೆ ಕಳಿಸಿ, ಹಗುರಾಗಿ ಮನೆಗೆ ಹೋದೆ.

ಶುಕ್ರವಾರ ಮೇಷ್ಟ್ರ ಫೋನು ಬಂತು. ಪತ್ರದಲ್ಲಿ ತಪ್ಪೇನೂ ಇಲ್ಲ ಎಂದರು. ಪಾಪ, ಪ್ರಕಟಣೆಯಲ್ಲಿದ್ದದ್ದು ಮೂರನೇ ಶನಿವಾರವೆಂದು ಅವರಿಗಾದರೂ ಹೇಗೆ ಗೊತ್ತಾಗಬೇಕು.

ಶನಿವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಒಂಬತ್ತಾಗಿ ಐದು ನಿಮಿಷಕ್ಕೆ ಮೊಬೈಲು ಹೊಡೆದುಕೊಂಡಿತು. ಮೇಷ್ಟ್ರು.

"ತಂಗಿ, ಇಲ್ಲಿ ಪಾರ್ಕಿನಾಗ ಮಂದಿ ಭಾಳ ಬಂದಾರ. ಗೊಬ್ಬರ ಮಾತ್ರ ಬಂದಿಲ್ಲ."

ನಾನು ಪ್ರಕಟಣೆ ತೆಗೆದು ನೋಡಿದೆ. ಕ್ಯಾಲೆಂಡರು ನೋಡಿದೆ. ಆ ಮಸುಕು ಶನಿವಾರ ಆಗ ಕಣ್ಣಿಗೆ ಬಿತ್ತು. ಹಂಚುವುದು ಮುಂದಿನ ವಾರ. ದೋಸೆ ಕಾವಲಿಯ ಮೇಲೇ ಸೀಯುತ್ತಿತ್ತು. ಹದಿನಾಲ್ಕು ವರ್ಷದ ಮಗಳು ಒಲೆ ಆರಿಸಿ, ನನ್ನ ಮುಖ ನೋಡಿ, "ಅಮ್ಮಾ, ಹೌ ಬ್ಯಾಡ್ ಈಸ್ ಇಟ್?" ಎಂದಳು. ತುಂಬಾ ಎಂದೆ. ಶಾಸಕಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಷ್ಟು ಜನ ಇದ್ದಾರೆ ಎಂದು ಕೇಳಿ, ನೀವು ಹೋಗಿ, ನಾನೂ ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟರು. ಮನೆಯ ಚಪ್ಪಲಿಯಲ್ಲೇ ಕಾರು ಹತ್ತಿದೆ.

ಪಾರ್ಕಿನ ಗೇಟಿನ ಮುಂದೆ ಐವತ್ತು ಅರವತ್ತು ಜನ ಸಾಲುಗಟ್ಟಿ ನಿಂತಿದ್ದರು. ಸೋನಾ ಮಸೂರಿಯ ಖಾಲಿ ಚೀಲಗಳು, ಬಣ್ಣದ ಬಕೆಟ್ಟುಗಳು, ಒಬ್ಬರ ಹತ್ತಿರ ಮಗುವಿನ ಹಳೇ ಸ್ನಾನದ ತೊಟ್ಟಿ. ಚೀನಾದ ಅಜ್ಜಿಯೊಬ್ಬರು ತಳ್ಳುಗಾಡಿಯನ್ನೇ ತಂದಿದ್ದರು. ಸಾಲಿನ ಮೊದಲಿಗೆ ಸ್ವೆಟರು, ಮಫ್ಲರು, ಎರಡು ಅಕ್ಕಿಚೀಲ ಹಿಡಿದ ಸಣಕಲು ಮುದುಕರು. ನಾನು ಅವರನ್ನು ಅಲ್ಲಿಯ ತನಕ ನೋಡಿರಲಿಲ್ಲ, ಆದರೂ ಕೇಳದೆಯೇ ಗುರುತಾಯಿತು.

ಬೆಂಚಿನ ಮೇಲೆ ಹತ್ತಿ ನಿಂತು, ದಿನಾಂಕ ತಪ್ಪು ಬರೆದವಳು ನಾನೇ, ಹಂಚುವುದು ಮುಂದಿನ ಶನಿವಾರ ಎಂದು ಹೇಳಿದೆ. ಕೆಲವರು ಗೊಣಗಿದರು. ಹತ್ತಿರದ ಡಬ್ಲಿನ್ ಎಂಬ ಊರಿನಿಂದ ಅಕ್ಕನ ಮನೆಗೆ ಬಂದವನೊಬ್ಬ, ತಾನು ರಜೆಯ ಬೆಳಗಿನ ನಿದ್ದೆ ಬಿಟ್ಟು ಬಂದೆ ಎಂದು ದೊಡ್ಡದಾಗಿಯೇ ಹೇಳಿದ. ತಳ್ಳುಗಾಡಿಯ ಅಜ್ಜಿಗೆ ನಾನು ಹೇಳಿದ್ದು ಅರ್ಥವಾಗದೆ, ಗೇಟು ತೆರೆಯಲಿ ಎಂದು ನಗುತ್ತಾ ಕಾಯುತ್ತಲೇ ಇದ್ದರು. ಅದನ್ನು ನೋಡಿ ನನಗೆ ಅಳು ಬಂದಂತಾಯಿತು.

ಅಷ್ಟರಲ್ಲಿ ಶಾಸಕಿ ಬಂದರು. ಹಳೇ ಪ್ಯಾಂಟು, ತೋಟದ ಬೂಟು, ಕೈಯಲ್ಲಿ ಅಂಗಡಿಯಿಂದ ತಂದ ಕಾಫಿಯ ದೊಡ್ಡ ಪೆಟ್ಟಿಗೆ, ಕಾಗದದ ಲೋಟಗಳು. ಬೆಂಚು ಹತ್ತಲಿಲ್ಲ. ಸಾಲಿನ ಮೊದಲಿನಿಂದ ಒಬ್ಬೊಬ್ಬರ ಹತ್ತಿರ ಹೋಗಿ ಕಾಫಿ ಬಗ್ಗಿಸಿ ಕೊಡುತ್ತಾ, ತಪ್ಪಾಯಿತು, ಗೊಬ್ಬರ ಇಲ್ಲ, ಆದರೆ ಹೇಗೂ ಬಂದಿದ್ದೀರಿ, ನಿಮ್ಮ ಬೀದಿಯಲ್ಲಿ ಏನು ಸರಿಯಿಲ್ಲ ಹೇಳಿ ಎಂದು ಕೇಳತೊಡಗಿದರು. ನನಗೆ ನೋಟ್‌ಬುಕ್ಕು ಹಿಡಿಯಲು ಸನ್ನೆ ಮಾಡಿದರು. ಅರ್ಧದಷ್ಟು ಜನ ಹೊರಟುಹೋದರು. ಉಳಿದವರು ಹೇಳಿದರು. ಬೀದಿದೀಪ, ಬಸ್ಸಿನ ವೇಳೆ, ಮುರಿದ ಕಾಲುದಾರಿ, ಪಕ್ಕದ ಮನೆಯವರ ಎಲೆ ಊದುವ ಯಂತ್ರದ ಗದ್ದಲ. ತಳ್ಳುಗಾಡಿಯ ಅಜ್ಜಿಯ ಮೊಮ್ಮಗಳು ಬಂದು ವಿಷಯ ಬಿಡಿಸಿ ಹೇಳಿದ ಮೇಲೆ ಆಕೆ ಜೋರಾಗಿ ನಕ್ಕು, ಎರಡು ಲೋಟ ಕಾಫಿ ಕುಡಿದು ಹೋದರು.

ಮೇಷ್ಟ್ರು ಕೊನೆಗೆ ಉಳಿದರು. ಅವರ ದೂರು ಪಾರ್ಕಿನ ಎದುರಿನ ರಸ್ತೆಯದು. ವಯಸ್ಸಾದವರು ದಿನಾ ಆ ಕಡೆಯ ಮನೆಗಳಿಂದ ಪಾರ್ಕಿಗೆ ವಾಕಿಂಗ್ ಬರುತ್ತಾರೆ. ನಡೆಯುವವರ ದೀಪ ಹತ್ತಿ, ಪಕ್ಕದಲ್ಲಿ ಅಂಕಿಗಳು ಇಳಿಯುತ್ತವೆ. ಅವು ಸೊನ್ನೆಗೆ ಬರುವಾಗ ಇವರೆಲ್ಲ ಇನ್ನೂ ನಡುರಸ್ತೆಯಲ್ಲಿರುತ್ತಾರೆ. ಎರಡು ಸಲ ಅರ್ಜಿ ಬರೆದಿದ್ದರಂತೆ, ಸಿಟಿಯವರು ಅದು ತಮ್ಮ ರಸ್ತೆಯಲ್ಲ ಎಂದು ಉತ್ತರಿಸಿದ್ದರಂತೆ. ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಅವರು ತಡೆದರು.

"ಹೇಳಿದ್ರ ತಿಳಿಯೂದಿಲ್ಲ ತಂಗಿ. ನನ್ನ ಜೋಡಿ ದಾಟಿ ನೋಡಂತ ಹೇಳು."

ಶಾಸಕಿ ಲೋಟ ಕೆಳಗಿಟ್ಟು ಹೊರಟೇಬಿಟ್ಟರು. ದೀಪ ಹತ್ತಿತು. ಮೇಷ್ಟ್ರು ನಟನೆ ಮಾಡಲಿಲ್ಲ, ತಮ್ಮ ಎಂದಿನ ನಡಿಗೆಯಲ್ಲೇ ಹೊರಟರು. ಅವರ ಪಕ್ಕದಲ್ಲಿ ಅದೇ ವೇಗದಲ್ಲಿ ಇವರು. ನಡುವಿನ ಸಣ್ಣ ಕಟ್ಟೆ ಮುಟ್ಟುವಷ್ಟರಲ್ಲಿ ಸೊನ್ನೆ, ದೀಪದಲ್ಲಿ ನಿಲ್ಲಿ ಎನ್ನುವ ಕೆಂಪು ಕೈ. ಆ ಕಡೆಯಿಂದ ಲಾರಿ, ಈ ಕಡೆಯಿಂದ ಕಾರು, ನಡುವೆ ಒಂದೂವರೆ ಅಡಿಯ ಕಟ್ಟೆಯ ಮೇಲೆ ಅಕ್ಕಿಚೀಲ ಹಿಡಿದ ಗಣಿತದ ಮಾಸ್ತರರೂ ರಾಜ್ಯದ ಶಾಸಕಿಯೂ. ಗಾಳಿಗೆ ಚೀಲಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಶಾಸಕಿ ಅವರ ತೋಳು ಹಿಡಿದಿದ್ದರು. ಮುಂದಿನ ದೀಪಕ್ಕೆ ವಾಪಸು ಬಂದಾಗ ಶಾಸಕಿಯ ಮುಖ ಸ್ವಲ್ಪ ಬಿಳಿಚಿತ್ತು.

"ಇದು ರಾಜ್ಯದ ಹೆದ್ದಾರಿ," ಎಂದರು ನನಗೆ. "ಸಿಟಿಯವರದ್ದಲ್ಲ ಅನ್ನೋದು ನಿಜ. ಅಂದ್ರೆ ನಮ್ಮದು. ಬರ್ಕೊಳ್ಳಿ."

ಸೋಮವಾರ ತಿದ್ದುಪಡಿಯ ಪತ್ರ ಕಳಿಸಬೇಕಿತ್ತು. ನಾನು ಭಾನುವಾರವಿಡೀ ಕೂತು, ಪ್ರಕಟಣೆಯ ಭಾಷೆಯಲ್ಲಿ ಗೊಂದಲವಿತ್ತು, ಕ್ಯಾಲೆಂಡರಿನ ವಿನ್ಯಾಸ ಹಾಗಿತ್ತು, ಆದರೂ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ನುಣ್ಣಗೆ ಒಂದು ಪ್ಯಾರಾ ಕಟ್ಟಿದ್ದೆ. ಹದಿನಾರು ವರ್ಷದಲ್ಲಿ ಇಂಜಿನಿಯರುಗಳಿಂದ ಕಲಿತ ವಿದ್ಯೆ. ಕಳಿಸುವ ಮೊದಲು ಯಾಕೋ ಮೇಷ್ಟ್ರಿಗೆ ಫೋನು ಮಾಡಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ತಪ್ಪಾತು ಅಂದಮ್ಯಾಲೆ 'ಆದರ' ಅನಬಾರದು ತಂಗಿ. ಹುಡುಗೂರು ಲೆಕ್ಕಾ ತಪ್ಪಿದಾಗ ನಾ ಹೊಡದವನಲ್ಲ. ಆದರ ಅಂದಾಗ ಮಾತ್ರ ಸಿಟ್ಟು ಬರ್ತಿತ್ತು."

ನೀವೂ ಈಗ 'ಆದರ' ಅಂದಿರಲ್ಲ ಮೇಷ್ಟ್ರೇ ಎಂದೆ. ಅವರು ಬಹಳ ಹೊತ್ತು ನಕ್ಕರು. ನಾನು ಪ್ಯಾರಾ ಅಳಿಸಿ ಮೂರು ಸಾಲು ಬರೆದೆ. ದಿನಾಂಕವನ್ನು ನಾವು ತಪ್ಪಾಗಿ ಬರೆದೆವು. ನಿಮ್ಮ ಬೆಳಗು ಹಾಳಾಯಿತು, ಕ್ಷಮಿಸಿ. ಗೊಬ್ಬರ ಸಿಗುವುದು ಈ ಬರುವ ಶನಿವಾರ. ಶಾಸಕಿ ಒಂದು ಅಕ್ಷರವನ್ನೂ ಮುಟ್ಟದೆ ಕಳಿಸಲು ಹೇಳಿದರು. ಅಷ್ಟು ಉತ್ತರ ನಮ್ಮ ಯಾವ ಪತ್ರಕ್ಕೂ ಬಂದಿರಲಿಲ್ಲ. ಬಹುತೇಕ ಎಲ್ಲವೂ ಎರಡೆರಡು ಪದದವು, ಪರವಾಗಿಲ್ಲ ಎನ್ನುವಂಥವು. ಒಬ್ಬರು ಮಾತ್ರ ಮುಂದಿನ ಚುನಾವಣೆಯ ದಿನಾಂಕವನ್ನಾದರೂ ಸರಿಯಾಗಿ ಹಾಕಿ ಎಂದು ಬರೆದಿದ್ದರು. ನ್ಯಾಯವಾದ ಮಾತೇ.

ಆ ಶನಿವಾರ ಗೊಬ್ಬರ ಬಂತು, ಬೆಟ್ಟದಷ್ಟು. ಹಬೆಯಾಡುತ್ತಿದ್ದ ರಾಶಿಯಿಂದ ನಾನೂ ನಮ್ಮೆಜಮಾನರೂ ಸಲಿಕೆ ಹಿಡಿದು, ಹಿಂದಿನ ವಾರ ಬಂದು ಹೋದವರಿಗೆ ಮೊದಲು ತುಂಬಿಸಿಕೊಟ್ಟೆವು. ಮಗಳು ತಳ್ಳುಗಾಡಿಯ ಅಜ್ಜಿಯ ಮನೆಯ ತನಕ ಹೋಗಿ ಗಾಡಿ ಖಾಲಿ ಮಾಡಿ ಬಂದಳು. ಮರುದಿನ ನನಗೆ ಸೊಂಟ ಎತ್ತಲಾಗಲಿಲ್ಲ.

ರಸ್ತೆಯ ಕೆಲಸ ಅಷ್ಟು ಬೇಗ ಆಗಲಿಲ್ಲ. ಹೆದ್ದಾರಿ ಇಲಾಖೆಯ ಮೊದಲ ಉತ್ತರ, ದೀಪದ ಸಮಯ ನಿಯಮದ ಪ್ರಕಾರವೇ ಇದೆ ಎಂದು. ಅದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಜಗಳಕ್ಕೆ ನಿಲ್ಲಲಿಲ್ಲ. ಎರಡು ವಾರ ದಿನಾ ಬೆಳಿಗ್ಗೆ ಕೈಗಡಿಯಾರ ಹಿಡಿದು ಕೂತು, ರಸ್ತೆ ದಾಟಿದ ಒಬ್ಬೊಬ್ಬರ ಸಮಯವನ್ನೂ ಗೆರೆ ಹೊಡೆದ ಹಾಳೆಯಲ್ಲಿ ಬರೆದರು. ಕೋಲು ಇದ್ದವರು, ಕೋಲು ಇಲ್ಲದವರು, ಮಗುವಿನ ಗಾಡಿ ತಳ್ಳುವವರು. ಸೀರೆ ಉಟ್ಟವರಿಗೂ ಬೇರೆ ಒಂದು ಸಾಲು ಇತ್ತು. ಆ ಹಾಳೆಗಳಿಗೆ ಶಾಸಕಿ ತಮ್ಮ ಪತ್ರ ಲಗತ್ತಿಸಿ, ಕಟ್ಟೆಯ ಮೇಲೆ ತಾವೂ ನಿಂತಿದ್ದನ್ನು ಬರೆದು ಕಳಿಸಿದರು. ಬೇಸಿಗೆ ಕಳೆಯಿತು. ನಡುವೆ ಎರಡು ಸಲ ನಾನು ಫೋನು ಮಾಡಿ ನೆನಪಿಸಿದೆ. ಶಾಲೆಗಳು ಶುರುವಾದ ಮೇಲೆ ಕಿತ್ತಳೆ ಬಣ್ಣದ ಅಂಗಿಯ ಇಬ್ಬರು ಬಂದು ಅಳೆದುಕೊಂಡು ಹೋದರು. ಇನ್ನೊಂದು ತಿಂಗಳಿಗೆ ದೀಪದ ಸಮಯವನ್ನು ಏಳು ಸೆಕೆಂಡು ಹೆಚ್ಚಿಸಿದ್ದೇವೆಂದು ಇಲಾಖೆಯಿಂದ ಕಾಗದ ಬಂತು.

ನಾನು ಆ ವಾರದ ಪತ್ರದಲ್ಲಿ ಅದನ್ನೇ ಮೊದಲು ಹಾಕಿದೆ. ಮೇಷ್ಟ್ರ ಹೆಸರು ಹಾಕಬೇಕೆಂದು ಶಾಸಕಿಗೆ ಆಸೆಯಿತ್ತು. ಮೇಷ್ಟ್ರು ಒಪ್ಪಲಿಲ್ಲ, ಪಾರ್ಕಿಗೆ ಬರುವ ಹಿರಿಯರು ಎಂದು ಹಾಕಿ ಸಾಕು ಎಂದರು. ಶುಕ್ರವಾರ ಒಂಬತ್ತೂವರೆಗೆ ಫೋನು ಬಂತು.

"ಏಳು ಅಂತ ಬರದೀರಿ. ನಾ ಮೂರು ಸಲ ಎಣಿಸೀನಿ. ಎಂಟು ಅದಾವ."

ಇಲಾಖೆಗೆ ಕೇಳಿದೆ. ಅವರು ಪರೀಕ್ಷಿಸಿ, ಹೌದು, ಎಂಟೇ ಎಂದರು. ಮುಂದಿನ ಪತ್ರದಲ್ಲಿ ಅದನ್ನೂ ತಿದ್ದಿ ಹಾಕಿದೆವು. 'ಆದರೆ' ಇಲ್ಲದೆ.

ಆಮೇಲೊಂದು ಬುಧವಾರ ನಾನು ಊಟದ ಬಿಡುವಿನಲ್ಲಿ ಆ ಪಾರ್ಕಿಗೆ ಹೋಗಿದ್ದೆ. ಮೇಷ್ಟ್ರು ಇದ್ದರು. ಇಬ್ಬರೂ ನಿಧಾನಕ್ಕೆ ರಸ್ತೆ ದಾಟಿ ಆ ಕಡೆಯ ಅಂಗಡಿಯಲ್ಲಿ ಕಾಫಿಗೆ ಕೂತೆವು. ಈ ದೀಪದ ಹುಚ್ಚು ನಿಮಗೆ ಯಾಕೆ ಹಿಡಿಯಿತು ಎಂದು ಕೇಳಿದೆ. ಅವರ ಶಾಲೆ ದೊಡ್ಡ ರಸ್ತೆಯ ಪಕ್ಕದಲ್ಲಿತ್ತಂತೆ. ಶಾಲೆ ಬಿಡುವ ಹೊತ್ತಿಗೆ ಇವರು ನಡುರಸ್ತೆಗೆ ಹೋಗಿ ಕೊಡೆ ಎತ್ತಿ ಹಿಡಿಯುತ್ತಿದ್ದರಂತೆ, ಬಸ್ಸುಗಳು ನಿಲ್ಲುತ್ತಿದ್ದವಂತೆ, ಮಕ್ಕಳು ದಾಟುತ್ತಿದ್ದರಂತೆ. ಮೂವತ್ತು ವರ್ಷ. ಯಾರೂ ಹೇಳಿದ ಕೆಲಸವಲ್ಲ, ಸಂಬಳದ ಕೆಲಸವೂ ಅಲ್ಲ.

ಯಾವ ಡ್ರೈವರನೂ ಜಗಳವಾಡಲಿಲ್ಲವೇ ಎಂದೆ. ಒಬ್ಬ ಆಡಿದ್ದ ಎಂದರು. ಅವನು ದಿನಾ ಹಾರ್ನ್ ಬಜಾಯಿಸಿ ಬೈಯುತ್ತಿದ್ದ. ಒಂದು ಜೂನ್‌ನಲ್ಲಿ ಅವನ ಮಗಳೇ ಅದೇ ಶಾಲೆಗೆ ಎಂಟನೆಯ ಕ್ಲಾಸಿಗೆ ಸೇರಿದಳು. ಮಾರನೆಯ ದಿನದಿಂದ ಆ ಬಸ್ಸು ದೂರದಲ್ಲೇ ನಿಂತು, ಕೊನೆಯ ಹುಡುಗಿ ದಾಟುವ ತನಕ ಇಂಜಿನ್ನು ಬಂದ್ ಮಾಡಿಕೊಂಡಿರುತ್ತಿತ್ತಂತೆ.

ಆ ಹುಡುಗಿ ಗಣಿತದಲ್ಲಿ ಹೇಗಿದ್ದಳು ಎಂದು ಕೇಳಿದೆ. ಭಾಳ ದಡ್ಡಿ, ಹಾಡು ಮಾತ್ರ ಚಂದ ಹಾಡತಿದ್ದಳು ಎಂದು ಮೇಷ್ಟ್ರು ಲೋಟದ ತಳದಲ್ಲಿದ್ದ ಸಕ್ಕರೆಯನ್ನು ಚಮಚದಲ್ಲಿ ಕೆರೆದು ತಿಂದರು. ನಾನು ಗಡಿಯಾರ ನೋಡಿಕೊಂಡು ಎದ್ದೆ. ಮರುದಿನ ಗುರುವಾರ, ಪತ್ರ ಇನ್ನೂ ಅರ್ಧವೂ ಆಗಿರಲಿಲ್ಲ.